ಹಲ್ಲಿ ನುಡಿದ ಬಾಗಿಲು

ನಮ್ಮೂರಿನಲ್ಲಿ ಕಳ್ಳರಿಲ್ಲ. ಜನ ಒಳ್ಳೆಯವರು ಎಂದಲ್ಲ, ಅಂಥ ಅಪವಾದವನ್ನು ನಮ್ಮ ಮೇಲೆ ಇದುವರೆಗೆ ಯಾರೂ ಹೊರಿಸಿಲ್ಲ. ನಮ್ಮಲ್ಲಿ ಯಾರ ಮನೆಯೊಳಗೆ ಹೋಗಬೇಕಾದರೂ ಬಾಗಿಲ ಮೇಲಿನ ಕೀಲಿಮಣೆಯಲ್ಲಿ ತನ್ನ ಹೆಸರನ್ನು ತಾನೇ ಒತ್ತಬೇಕು. ಹೆಸರು ಸರಿಯಾಗಿ ಬಿದ್ದರೆ ಬಾಗಿಲು ತೆರೆದು ಅವನೊಬ್ಬನನ್ನು ಒಳಗೆ ಬಿಟ್ಟುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ತನ್ನ ಹೆಸರು ಹೇಳಿ ಕದಿಯುವುದಾದರೆ ಕಳ್ಳ ಯಾಕೆ ಆಗಬೇಕು? ಆ ಆಸೆ ಇದ್ದವನೊಬ್ಬ ಇದ್ದ, ಬೇಸತ್ತು ಪುರಸಭೆಗೆ ನಿಂತು ಗೆದ್ದ.

ಒಳಗಿದ್ದವರು ಎದ್ದು ಬಂದು ಬಾಗಿಲು ತೆಗೆಯಬಾರದೇ ಎಂದು ಹೊರಗಿನ ಊರಿನವರು ಕೇಳುತ್ತಾರೆ. ಅವರು ತೆಗೆದರೆ ಅದು ತೆರೆಯಬೇಕಲ್ಲ. ಹೊರಗೆ ಹೋಗುವವನಿಗೆ ಬಾಗಿಲು ತಾನಾಗಿ ದಾರಿ ಬಿಡುತ್ತದೆ, ಆದರೆ ಒಳಗೆ ಬರುವವನಿಗೆ ಅವನ ಬೆರಳೇ ಗತಿ. ಒಬ್ಬ ಹೊರಗೆ ಹೋಗುವ ಸಂದಿಯಲ್ಲಿ ಒಳಗೆ ನುಗ್ಗಲು ನೋಡಿದ ಎಣ್ಣೆ ಗಾಣದವನ ಪಂಚೆ ಬಾಗಿಲಿಗೆ ಸಿಕ್ಕಿಕೊಂಡಿತು. ಅರ್ಧ ಪಂಚೆ ಒಳಗೆ, ಅರ್ಧ ಹೊರಗೆ, ಅವನು ಮಾತ್ರ ಎರಡೂ ಕಡೆ ಇಲ್ಲದೆ ಮನೆಗೆ ಓಡಿದ್ದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ. ಹಾಗೆ ನೋಡಿದರೆ ಇಡೀ ಊರೇ ನೋಡಿದೆ.

ಕೀಲಿಮಣೆ ಎಂದರೆ ಊಟದ ಮಣೆಯಷ್ಟು ಅಗಲದ ಹಲಸಿನ ಹಲಗೆ. ಅದರ ತುಂಬ ಮರದ ಕೀಲಿಗಳು, ಒಂದೊಂದು ಅಕ್ಷರಕ್ಕೆ ಒಂದೊಂದು. ಆದರೆ ಕೀಲಿಯ ಮೇಲೆ ಏನೂ ಬರೆದಿರುವುದಿಲ್ಲ. ಯಾವ ಅಕ್ಷರ ಎಲ್ಲಿರಬೇಕು ಎಂದು ಆಯಾ ಮನೆಯ ಯಜಮಾನತಿ ತೀರ್ಮಾನ ಮಾಡುತ್ತಾಳೆ, ಬೇಕೆಂದಾಗ ಕಿತ್ತು ಬದಲಾಯಿಸುತ್ತಾಳೆ. ನಡುನಡುವೆ ಅಕ್ಷರವೇ ಇಲ್ಲದ ಜೊಳ್ಳು ಕೀಲಿಗಳನ್ನೂ ಸೇರಿಸಿರುತ್ತಾಳೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಊರಿನ ಅರ್ಧಕ್ಕರ್ಧ ಮನೆಗಳ ಮಣೆಯಲ್ಲಿ ಈರಮ್ಮ ಎಂಬ ನನ್ನ ಹೆಸರು ಎಲ್ಲೆಲ್ಲಿ ಹರಡಿಕೊಂಡು ಮಲಗಿದೆ ಎಂದು ನನ್ನ ಬೆರಳಿಗೆ ಗೊತ್ತು. ಬೇಕಾದವರಿಗೆ ಮನೆಯವರೇ ಕೈ ಹಿಡಿದು ಕಲಿಸುತ್ತಾರೆ. ಬೇಡದವರು ಜಗಲಿಯ ಮೇಲೆ ಕೂತಿರುತ್ತಾರೆ.

ಕಷ್ಟವೆಂದರೆ ಆ ಕಾಲದಲ್ಲಿ ಬಾಗಿಲುಗಳು ಮೂಕವಾಗಿದ್ದವು. ಸರಿಯಾದ ಕೀಲಿ ಒತ್ತಿದರೂ ಸುಮ್ಮನೆ, ತಪ್ಪು ಒತ್ತಿದರೂ ಸುಮ್ಮನೆ. ಒಂದೇ ಒಂದು ಕೀಲಿ ತಪ್ಪಿದರೆ ಅಲ್ಲಿಯವರೆಗೆ ಒತ್ತಿದ್ದೆಲ್ಲ ನೀರಿನಲ್ಲಿ ಹೋಮ, ಮತ್ತೆ ಮೊದಲಿಂದ ಶುರು. ಎಲ್ಲಿ ತಪ್ಪಿತು ಎಂದು ಬಾಗಿಲು ಹೇಳುತ್ತಿರಲಿಲ್ಲ. ವೆಂಕಟಲಕ್ಷ್ಮೀನರಸಿಂಹಯ್ಯ ಎಂಬುವರು ತಂಗಿಯ ಮನೆ ಬಾಗಿಲಲ್ಲಿ ಹೆಸರು ಒತ್ತಲು ಶುರು ಮಾಡಿದಾಗ ಅವರ ಮೀಸೆ ಕಪ್ಪಗಿತ್ತು. ಮುಗಿಸುವ ಹೊತ್ತಿಗೆ ತಂಗಿಯ ಮೊಮ್ಮಗನ ನಾಮಕರಣ. ಆಮೇಲೆ ಅವರು ಹೆಸರನ್ನು ಎಂಕ ಎಂದು ಕತ್ತರಿಸಿಕೊಂಡರು.

ನನ್ನ ಯಜಮಾನರ ಪಾಡು ಇನ್ನೂ ಚೆಂದ. ಅವರ ಬೆರಳುಗಳು ಒಂದೊಂದೂ ಬಲಿತ ಬಾಳೆಕಾಯಿ. ಒಂದು ಕೀಲಿ ಒತ್ತಿದರೆ ಸುತ್ತಲಿನ ಮೂರು ಒಟ್ಟಿಗೆ ಒಳಗೆ ಹೋಗುತ್ತಿದ್ದವು. ತಮ್ಮ ಮನೆಗೆ ತಾವೇ ಬರಲಾರದೆ ಮನುಷ್ಯ ಆಯುಸ್ಸಿನ ಬಹುಪಾಲನ್ನು ಜಗಲಿಯ ಮೇಲೆ ಕಳೆದರು. ಕಿಟಕಿಯ ಸರಳಿನ ಸಂದಿಯಿಂದ ನಾನು ಮುದ್ದೆಯನ್ನು ಉದ್ದುದ್ದ ಹೊಸೆದು ಕೊಡುತ್ತಿದ್ದೆ. ಹಾಗಾದರೆ ಆರು ಮಕ್ಕಳು ಹೇಗಾದವು ಎಂದು ಕೇಳಬೇಡಿ. ನಾನು ಹೊರಗೆ ಹೋಗಬಹುದಿತ್ತಲ್ಲ. ಈಗ ಅವರು ಹೋಗಿ ಎಷ್ಟೋ ವರ್ಷವಾಯಿತು. ಕೈಲಾಸದ ಬಾಗಿಲಲ್ಲೂ ಇಂಥದೇ ಮಣೆ ಇದ್ದರೆ ಪಾಪ, ಇನ್ನೂ ಹೊರಗೇ ಇರುತ್ತಾರೆ. ನಾನು ಹೋದಾಗ ಅಲ್ಲಿಯ ಜಗಲಿಯಲ್ಲಿ ಜೊತೆಗೆ ಕೂತರಾಯಿತು ಎಂದು ಧೈರ್ಯವಾಗಿದ್ದೇನೆ.

ಮೊಣಕಾಲು ನೋವು ಶುರುವಾದ ಮೇಲೆ ಕಂಡವರ ಬಾಗಿಲಲ್ಲಿ ನಿಲ್ಲುವುದು ನನ್ನಿಂದ ಆಗಲಿಲ್ಲ. ಬಾಗಿಲು ಮಾಡುವ ವೀರಾಚಾರಿಯ ಹತ್ತಿರ ಹೋದೆ. ಅವನ ಮನೆಯ ಮಣೆ ನನಗೆ ಗೊತ್ತಿಲ್ಲದ್ದರಿಂದ ಕಿಟಕಿಯಲ್ಲೇ ನಿಂತು ಹೇಳಿದೆ.

"ಆಚಾರಿ, ಬಾಗ್ಲಿಗೊಂದು ಬಾಯಿ ಇಡಪ್ಪ. ನಾ ತಪ್ಪು ಒತ್ತಿದ್ರೆ ಬೈಲಿ, ಉಗೀಲಿ, ಏನಾದ್ರೂ ಅನ್ಲಿ. ಸುಮ್ನೆ ಮಾತ್ರ ಇರ್ಬಾರ್ದು. ನನ್ನ ಗಂಡ ಸುಮ್ನಿದ್ರೇನೇ ನಾನು ಸಹಿಸ್ಕೊಂಡಿಲ್ಲ."

ಆಚಾರಿಗೆ ಹುರುಪು ಹತ್ತಿತು. ಮೊದಲು ಅಂಚೆಯವರ ಮನೆ ಬಾಗಿಲಿಗೆ ನಾಯಿಯ ಬೊಗಳು ಇಟ್ಟ, ತಪ್ಪು ಒತ್ತಿದೊಡನೆ ಬಾಗಿಲು ಬೊಗಳುವ ಹಾಗೆ. ಬೀದಿನಾಯಿಗಳೆಲ್ಲ ಅದಕ್ಕೆ ಉತ್ತರ ಕೊಟ್ಟವು. ಬಾಗಿಲು ಅವಕ್ಕೆ ತಿರುಗಿ ಉತ್ತರ ಕೊಟ್ಟಿತು. ಆ ಜಗಳಕ್ಕೆ ಮೂರು ಹೋಬಳಿಯ ನಾಯಿಗಳು ಪಂಚಾಯಿತಿಗೆ ಬಂದವು. ಆಮೇಲೆ ನನ್ನ ಬಾಗಿಲಿಗೆ ಕುಕ್ಕರಿನ ಸೀಟಿ ಇಟ್ಟ. ಅದು ಕೂಗಿದ ಕೂಡಲೆ ಓಣಿಯ ಹೆಂಗಸರೆಲ್ಲ ಒಲೆ ಆರಿಸಲು ತಂತಮ್ಮ ಮನೆಗೆ ಓಡಿ, ಗಡಿಬಿಡಿಯಲ್ಲಿ ಒತ್ತಿ, ಒಬ್ಬರಾದರೂ ಒಳಗೆ ಹೋಗದೆ ಹೊರಗೇ ನಿಂತರು. ಮಗುವಿನ ಅಳು ಇಟ್ಟಾಗ ಏನಾಯಿತು ಎಂದು ಗಂಡಸರ ಮುಂದೆ ಹೇಳುವ ಹಾಗಿಲ್ಲ. ಹಾಲೂಡಿಸುವ ಹೆಂಗಸರು ಯಾರೂ ಆ ಬೀದಿಯಲ್ಲಿ ಒಣ ಕುಪ್ಪಸದಲ್ಲಿ ನಡೆಯಲಿಲ್ಲ ಎಂದಷ್ಟೇ ತಿಳಿದುಕೊಳ್ಳಿ. ಸದ್ದೇ ಬೇಡವೆಂದು ತಪ್ಪು ಕೀಲಿ ಬೆರಳಿಗೆ ಕಚಗುಳಿ ಇಡುವ ಹಾಗೆ ಮಾಡಿದ. ಆ ಮನೆಯ ಮುಂದೆ ಊರಿನ ಮುದುಕರೆಲ್ಲ ಸಾಲುಗಟ್ಟಿ ನಿಂತು ಬೇಕೆಂದೇ ತಪ್ಪು ಒತ್ತುತ್ತಾ ಕಿಸಿಕಿಸಿ ನಗುತ್ತಿದ್ದರು. ಮನೆಯೊಡತಿ ಪೊರಕೆ ಹಿಡಿದು ಹೊರಗೆ ಬಂದಳು. ಬಂದವಳು ಒಳಗೆ ಹೋಗಲು ಮಣೆ ಮುಟ್ಟಿ ತಾನೂ ನಕ್ಕಳು.

ಇಷ್ಟರಲ್ಲಿ ನನ್ನ ಮೊಮ್ಮಗಳು ವನಜಳ ಮದುವೆ ಗೊತ್ತಾಯಿತು. ವನಜ ನನ್ನ ಕೈಯಲ್ಲೇ ಬೆಳೆದ ಹುಡುಗಿ. ಅವಳೂ ಶಿವನಂಜನೂ ಮೊದಲು ಕಂಡಿದ್ದು ಬಟ್ಟೆ ಹೊಲಿಯುವವರ ಮನೆಯ ಜಗಲಿಯಲ್ಲಿ. ಇಬ್ಬರಿಗೂ ಆ ಬಾಗಿಲು ತೆರೆಯಲಿಲ್ಲ. ಹೊಲಿಯಲು ತಂದ ಬಟ್ಟೆ ಹಾಗೇ ಉಳಿಯಿತು, ಅವರ ಕೆಲಸ ಮಾತ್ರ ಆಯಿತು. ಹುಡುಗ ಚಿನ್ನದಂಥವನು. ಅವನ ತಾಯಿ ಸಾವಂತ್ರಮ್ಮನೂ ಚಿನ್ನವೇ, ಕಾಸಿ ಬಡಿದರೆ ಮಾತ್ರ ಬಗ್ಗುವಂಥದ್ದು. ಆಕೆಗೆ ಮಗನಿಗೆ ತನ್ನ ಅಣ್ಣನ ಮಗಳನ್ನು ತರುವ ಆಸೆಯಿತ್ತು. ಮಗ ಕೇಳಲಿಲ್ಲ. ಆಗಲಿ, ಮದುವೆ ಮಾಡಿಕೊಳ್ಳಿ, ಬಾಗಿಲು ಇದೆಯಲ್ಲ ಎಂದು ಆಕೆ ಯಾರ ಹತ್ತಿರವೋ ಅಂದದ್ದು ನನ್ನ ಕಿವಿಗೂ ಬಿತ್ತು.

ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಯಾಕೆಂದರೆ ನಮ್ಮೂರಿನ ಕಟ್ಟಳೆ ಹಾಗಿದೆ. ಧಾರೆ ಎರೆದು ತಾಳಿ ಕಟ್ಟಿದರೆ ಅರ್ಧ ಮದುವೆ. ಹೆಣ್ಣು ಅದೇ ದಿನ ದೀಪ ಹಚ್ಚುವುದರೊಳಗೆ ಗಂಡನ ಮನೆ ಬಾಗಿಲಲ್ಲಿ ತನ್ನ ಹೆಸರು ಒತ್ತಿ, ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಹೋದರೆ ಉಳಿದರ್ಧ. ಬೀದಿಯಲ್ಲಿ ದೀಪ ಹತ್ತುವವರೆಗೂ ಬಾಗಿಲು ತೆರೆಯದಿದ್ದರೆ ಕೊರಳಿನದನ್ನು ಬಿಚ್ಚಿ ಗಂಡಿನ ಕೈಗಿಟ್ಟು ಹೆಣ್ಣು ತವರಿಗೆ ವಾಪಸು. ಆಮೇಲೆ ಅವನು ಬೇರೆಯವಳನ್ನು ತರಬಹುದು, ಯಾರೂ ಕೇಳುವ ಹಾಗಿಲ್ಲ. ಹಾಗಾಗಬಾರದೆಂದೇ ಅತ್ತೆಯಾದವಳು ನಿಶ್ಚಿತಾರ್ಥದ ದಿನ ಸೊಸೆಯ ಬೆರಳು ಹಿಡಿದು ಮಣೆ ತೋರಿಸುತ್ತಾಳೆ. ಸಾವಂತ್ರಮ್ಮನೂ ತೋರಿಸಿದ್ದಳು, ಎಲ್ಲರ ಮುಂದೆ, ನಗುನಗುತ್ತಾ. ವನಜ ಎಂದರೆ ಮೂರೇ ಅಕ್ಷರ. ಹುಡುಗಿ ಕಣ್ಣು ಮುಚ್ಚಿಕೊಂಡು ಒತ್ತುವಷ್ಟು ಕಲಿತಿದ್ದಳು.

ಮದುವೆಯ ಹಿಂದಿನ ದಿನ ಮಗ ಚಪ್ಪರದ ಕೆಲಸಕ್ಕೆ, ರಾತ್ರಿ ಅಲ್ಲೇ ಮಲಗುವೆನೆಂದು ಹೋದಾಗ ಸಾವಂತ್ರಮ್ಮ ಮಣೆಯ ಕೀಲಿಗಳನ್ನೆಲ್ಲ ಕಿತ್ತು, ಮೊರದಲ್ಲಿ ಹಾಕಿ ಕೇರಿ, ಬೇರೆ ಬೇರೆ ಕಡೆ ಚುಚ್ಚಿದಳು. ಜೊಳ್ಳುಗಳನ್ನು ಇನ್ನಷ್ಟು ಸೇರಿಸಿದಳು. ಹೊಸ ಜಾಗಗಳನ್ನು ಬಾಯಿಪಾಠ ಮಾಡಿಕೊಂಡಳು, ಅಥವಾ ಮಾಡಿಕೊಂಡೆನೆಂದು ತಿಳಿದಳು. ಅದೇ ದಿನ ಮಧ್ಯಾಹ್ನ ವೀರಾಚಾರಿ ಆ ಬಾಗಿಲಿಗೂ ಒಂದು ಬಾಯಿ ಇಟ್ಟು ಹೋಗಿದ್ದ. ಹಿಂದಿನ ಸದ್ದುಗಳಿಂದ ಬೈಸಿಕೊಂಡು ಸಾಕಾಗಿದ್ದ ಅವನು ಈ ಸಲ ಯಾರಿಗೂ ತೊಂದರೆಯಾಗದ ಪುಟ್ಟ ಸದ್ದು ಹುಡುಕಿದ್ದ. ತಪ್ಪು ಒತ್ತಿದರೆ ಬಾಗಿಲು ಹಲ್ಲಿಯ ಹಾಗೆ ಲೊಚ್ ಲೊಚ್ ಎನ್ನುತ್ತಿತ್ತು. ಮದುವೆಯ ದಿನ ಎಲ್ಲರಿಗೂ ಅಚ್ಚರಿಯಾಗಲಿ ಎಂದು ಅದನ್ನು ಯಾರಿಗೂ ಹೇಳಿರಲಿಲ್ಲ. ಮದುವೆಯ ದಿನ ಹೇಳುತ್ತಿದ್ದನೇನೋ, ಆದರೆ ಒಬ್ಬಟ್ಟನ್ನು ಎಲೆಯಲ್ಲಿ ಗೋಪುರದ ಹಾಗೆ ಪೇರಿಸಿಕೊಂಡು ತಿಂದು ಚಪ್ಪರದ ಮೂಲೆಯಲ್ಲಿ ಉರುಳಿದ. ಅವನನ್ನು ಎಬ್ಬಿಸಲು ಎರಡು ಜೋಡಿ ಎತ್ತು ಬೇಕಿತ್ತು.

ಹೊತ್ತು ಇಳಿಯುತ್ತಿದ್ದಾಗ ಹೆಣ್ಣು ಗಂಡನ್ನು ಕರೆದುಕೊಂಡು ಓಲಗದ ಜೊತೆ ಸಾವಂತ್ರಮ್ಮನ ಮನೆ ಮುಂದೆ ಬಂದೆವು. ಹಿಂದಿನ ದಿನ ಕೀಲಿ ಚುಚ್ಚಿ ಒಳಗೆ ಹೋದ ಆಕೆ ಧಾರೆಗೂ ಹೊರಗೆ ಬಂದಿರಲಿಲ್ಲ, ಈಗ ಒಲೆಯ ಮೇಲೆ ಹಾಲಿಟ್ಟು, ಹೊಸ್ತಿಲಲ್ಲಿ ಅಕ್ಕಿಯ ಸೇರಿಟ್ಟು, ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಬಾಗಿಲು ಆಕೆಯ ಬೆನ್ನ ಹಿಂದೆ ಮುಚ್ಚಿಕೊಂಡಿತು. ಒಳಗೆ ಬೆಕ್ಕು ಕೂಡ ಇರಲಿಲ್ಲ. ಆರತಿ ಎತ್ತಿ ಪಕ್ಕಕ್ಕೆ ಸರಿದು ನಿಂತು, ಒತ್ತು ಎಂದು ಸೊಸೆಗೆ ಕಣ್ಣಲ್ಲೇ ಹೇಳಿದಳು.

ವನಜ ಕಲಿತಿದ್ದ ಜಾಗದ ಕೀಲಿ ಒತ್ತಿದಳು. ಲೊಚ್ ಲೊಚ್ ಎಂದಿತು. ಹಲ್ಲಿ ಲೊಚಗುಟ್ಟಿದರೆ ಏನರ್ಥ ಎಂದು ತೊಟ್ಟಿಲ ಕೂಸಿಗೂ ಗೊತ್ತು. ಅಂದುಕೊಂಡದ್ದು ಸತ್ಯ, ಆಗುವುದು ಖಂಡಿತ. ಇಡೀ ದಿಬ್ಬಣ ಒಟ್ಟಿಗೆ ಕೃಷ್ಣ ಕೃಷ್ಣ ಎಂದು ಬೆರಳಿನಿಂದ ನೆಲ ತಟ್ಟಿತು. ಓಲಗದವನು ಒಂದು ಕೈಯಲ್ಲಿ ನೆಲ ತಟ್ಟಿ ಇನ್ನೊಂದರಲ್ಲಿ ಊದಿದ. ಎಂಥ ಒಳ್ಳೆ ಶಕುನ, ಹಲ್ಲಿಯೇ ಸೊಸೆಯನ್ನು ಕರೆಯುತ್ತಿದೆ ಎಂದು ನಾನೂ ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಎರಡನೆಯ ಕೀಲಿ ಒತ್ತಿದಳು, ಲೊಚ್. ಮೂರನೆಯದಕ್ಕೂ ಲೊಚ್. ಮೂರು ಸಲ ಹಲ್ಲಿ ನುಡಿದ ಮದುವೆಯನ್ನು ಯಾರು ಕಂಡಿದ್ದಾರೆ? ಹೆಂಗಸರು ಸೋಬಾನೆ ಎತ್ತಿಕೊಂಡರು. ಬಾಗಿಲು ಮಾತ್ರ ತೆರೆಯಲಿಲ್ಲ.

ಬಾಗಿಲು ಯೋಚಿಸುತ್ತಿರಬೇಕು ಎಂದುಕೊಂಡೆವು. ಕೆಲವು ಬಾಗಿಲುಗಳಿಗೆ ಆ ಚಾಳಿ ಇದೆ. ಯೋಚನೆ ಮುಗಿಯಲಿಲ್ಲ. ವನಜ ಮತ್ತೆ ಒತ್ತಿದಳು, ಬೇರೆ ಜಾಗ ನೋಡಿದಳು. ಲೊಚ್ ಎಂದ ಕಡೆಯಲ್ಲೆಲ್ಲ ನಾವು ತಟ್ಟಿ ಹುರಿದುಂಬಿಸಿದೆವು. ನಡುವೆ ಒಂದು ಸಲ, ಎಡಗಡೆ ಮೂಲೆಯ ಒಂದು ಕೀಲಿಗೆ ಬೆರಳು ತಗುಲಿದಾಗ ಬಾಗಿಲು ಏನೂ ಅನ್ನಲಿಲ್ಲ. ಅಯ್ಯೋ ಅದಲ್ಲ, ತೆಗಿ ತೆಗಿ, ಹಲ್ಲಿ ಸುಮ್ಮನಾಯ್ತು ಎಂದು ಬೀದಿಗೆ ಬೀದಿಯೇ ಲಬೋ ಎಂದಿತು. ಹುಡುಗಿ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಇಳಿದ. ಶಿವನಂಜನ ಮುಖ ನೋಡಲಾಗುತ್ತಿರಲಿಲ್ಲ. ಅವನು ತಾಯಿಯ ಹತ್ತಿರ ಹೋಗಿ ಏನೋ ಪಿಸುಗುಟ್ಟಿದ. ಆಕೆ ಆಕಾಶ ನೋಡಿದಳು. ನಾನೂ ಹೋಗಿ, ಬೀಗಿತಿ, ಹಲ್ಲಿಯೇ ಹೌದು ಅಂದ ಮೇಲೆ ನಿಮ್ಮದೇನು ತಕರಾರು ಎಂದು ಕೇಳಿದೆ. ತನ್ನದೇನೂ ಇಲ್ಲ, ಮನೆದೇವರು ಬಾಗಿಲಲ್ಲಿದ್ದಾನೆ, ಅವನಿಗೇ ಇಷ್ಟವಿಲ್ಲದಿದ್ದರೆ ತಾನೇನು ಮಾಡಲಿ ಎಂದಳು. ಎಷ್ಟು ನಯವಾಗಿ ಅಂದಳೆಂದರೆ ಆ ಮಾತನ್ನು ಬೆಣ್ಣೆಯ ಬದಲು ದೋಸೆಗೆ ಹಚ್ಚಬಹುದಿತ್ತು. ವನಜಳ ಕೈ ಆಗಲೇ ಕೊರಳಿನ ದಾರದ ಮೇಲಿತ್ತು, ಬಿಚ್ಚುವುದಕ್ಕಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೆ.

ಆಗ ಒಳಗಿನಿಂದ ಹಾಲು ಸೀಯುವ ವಾಸನೆ ಬಂತು. ಸಾವಂತ್ರಮ್ಮನ ನಯವೆಲ್ಲ ಹಾರಿಹೋಯಿತು. ಆರತಿ ತಟ್ಟೆಯನ್ನು ನನ್ನ ಕೈಗೆ ತುರುಕಿ ಮಣೆಯ ಮೇಲೆ ಮುಗಿಬಿದ್ದಳು. ಒತ್ತಿದಳು, ಲೊಚ್. ನಾವು ರೂಢಿಯಂತೆ ಕೃಷ್ಣ ಕೃಷ್ಣ ಎಂದೆವು. ಇನ್ನೊಂದು ಒತ್ತಿದಳು, ಲೊಚ್. ಸಾವಂತ್ರಮ್ಮ ಎಂದರೆ ಹೆಸರೂ ಉದ್ದ, ನಡುವೆ ಒತ್ತಕ್ಷರದ ಗಂಟುಗಳು ಬೇರೆ. ಆಕೆ ಒತ್ತುತ್ತಲೇ ಹೋದಳು, ಬಾಗಿಲು ಹಲ್ಲಿಗಳ ಜಾತ್ರೆಯಾಯಿತು, ನಮ್ಮ ಬೆರಳುಗಳು ನೆಲ ತಟ್ಟಿ ತಟ್ಟಿ ಊದಿಕೊಂಡವು. ಬಾಗಿಲು ಮಾತ್ರ ಒಂದಿಷ್ಟೂ ಕದಲಲಿಲ್ಲ. ಕೇರಿ ಹಾಕಿದ ಕೀಲಿ, ಬಾಯಿಪಾಠ ಯಾವ ಲೆಕ್ಕಕ್ಕೆ? ಯಜಮಾನತಿ ತನ್ನ ಬಾಗಿಲಿಗೇ ಹೊರಗಿನವಳಾಗಿದ್ದಳು.

ವನಜ ಬಾಗಿಲನ್ನು ನೋಡಿದಳು, ಅತ್ತೆಯ ಬೆರಳನ್ನು ನೋಡಿದಳು. ಆಮೇಲೆ ನನ್ನ ಸೆರಗು ಎಳೆದಳು.

"ಅಜ್ಜಿ, ಮನೆಯೋರು ಒತ್ತಿದ್ರೂ ಹಲ್ಲಿ ನುಡೀತದೆ, ಬಾಗ್ಲು ತೆಗ್ಯಾಕಿಲ್ಲ. ಅದು ಹೌದು ಅಂತಿಲ್ಲ ಕಣಜ್ಜಿ. ಅಲ್ಲ ಅಂತೈತೆ."

"ಹಲ್ಲಿ ಎಲ್ಲಾದ್ರೂ ಅಲ್ಲ ಅಂತದಾ ಮಗ?" ಎಂದೆ.

"ಇದು ಆಚಾರಿ ಇಟ್ಟ ಹಲ್ಲಿ. ನೀನೇ ತಾನೇ ಬಾಯಿ ಇಡ್ಸಿದ್ದು? ತಪ್ಪಾದ್ರೆ ಬೈಲಿ ಅಂತ?"

ವನಜ ಮೆಲ್ಲಗೆ ಅತ್ತೆಯನ್ನು ಪಕ್ಕಕ್ಕೆ ಸರಿಸಿ ಮಣೆಯ ಮುಂದೆ ನಿಂತಳು. ಯಾರೂ ನೆಲ ತಟ್ಟಕೂಡದು ಎಂದು ನಾನು ದಿಬ್ಬಣಕ್ಕೆ ಜೋರು ಮಾಡಿದೆ. ತಟ್ಟುವ ಚಟ ತಡೆಯಲಾರದೆ ಜನ ಕೈಗಳನ್ನು ಕಂಕುಳಲ್ಲಿ ಅದುಮಿ ಹಿಡಿದುಕೊಂಡರು. ಅವಳು ನಾವೆಲ್ಲ ಲಬೋ ಎಂದಿದ್ದ ಎಡಗಡೆ ಮೂಲೆಯ ಕೀಲಿಗೇ ಹೋಗಿ ಒತ್ತಿದಳು. ಬಾಗಿಲು ಸುಮ್ಮನಿತ್ತು. ಅದು ಮೊದಲ ಅಕ್ಷರ. ಅದರ ಬೆನ್ನಿಗೆ ಇನ್ನೊಂದು ಒತ್ತಿದಳು, ಲೊಚ್. ಮತ್ತೆ ಮೂಲೆಯದರಿಂದ ಶುರು, ಬೆನ್ನಿಗೆ ಬೇರೊಂದು, ಲೊಚ್. ಹೀಗೆ ಒಂದೊಂದನ್ನೇ ಕೇಳುತ್ತಾ ಹೋದಳು. ಅತ್ತ ದೀಪ ಹಚ್ಚುವ ಆಳು ಬೀದಿಯ ತುದಿಯಲ್ಲಿ ಏಣಿ ಒರಗಿಸಿದ್ದು ಕಾಣುತ್ತಿತ್ತು. ನನ್ನ ಅಳಿಯ ಹೋಗಿ ಅವನಿಗೆ ಎಲೆ ಅಡಿಕೆ ಕೊಟ್ಟು, ಅವನ ಅತ್ತೆ ಮಾವ ಭಾವಮೈದುನರ ಆರೋಗ್ಯ ವಿಚಾರಿಸತೊಡಗಿದ. ಅವನ ಎತ್ತಿನ ಆರೋಗ್ಯದವರೆಗೆ ಮಾತು ಬಂದಿತ್ತು, ಆಗ ಮಣೆಯ ನಡುವಿನ ಒಂದು ಕೀಲಿಗೆ ಬಾಗಿಲು ಮತ್ತೆ ಮೌನವಾಯಿತು. ಇನ್ನುಳಿದದ್ದು ಒಂದೇ ಅಕ್ಷರ. ಲೊಚ್, ಲೊಚ್, ಲೊಚ್. ಏಣಿಯವನು ಎಲೆ ಅಡಿಕೆ ಉಗಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ವನಜ ಮೂಲೆಯದು ಒತ್ತಿದಳು, ನಡುವಿನದು ಒತ್ತಿದಳು, ಬಲಗಡೆ ಅಂಚಿನಲ್ಲಿ ಅದುವರೆಗೆ ಯಾರೂ ಮುಟ್ಟದಿದ್ದ ಒಂದನ್ನು ಒತ್ತಿದಳು. ಬಾಗಿಲು ಆಕಳಿಸಿದ ಹಾಗೆ ತೆರೆಯಿತು.

ಸೇರನ್ನು ಒದ್ದ ಹೊಡೆತಕ್ಕೆ ಅಕ್ಕಿ ನಡುಮನೆ ದಾಟಿತು. ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು, ದೀಪ ಹತ್ತಿತು. ನಾನು ಆ ನೋಯುವ ಮೊಣಕಾಲಲ್ಲೇ ಕುಣಿದೆ. ನನ್ನ ಕೈಯಲ್ಲಿದ್ದ ಆರತಿ ತಟ್ಟೆಯ ನೀರೆಲ್ಲ ಬೀಗರ ಪೇಟದ ಮೇಲೆ ಬಿತ್ತು. ಓಲಗದವನು ಏನು ಊದಬೇಕೆಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಊದಿದ.

ಒಳಗೆ ವನಜ ಓಡಿ ಹಾಲಿನ ಪಾತ್ರೆ ಇಳಿಸಿದ ಸದ್ದು ಕೇಳಿತು. ಸಾವಂತ್ರಮ್ಮ ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ತನ್ನ ಮನೆ, ತನ್ನ ಬಾಗಿಲು, ತಾನೇ ಚುಚ್ಚಿದ ಕೀಲಿ. ಒಳಗೆ ಸೊಸೆ, ಹೊರಗೆ ಅತ್ತೆ. ಒಳಗಿನವಳು ತೆಗೆಯೋಣವೆಂದರೆ ಬಾಗಿಲು ಕೇಳುವುದಿಲ್ಲ. ನಾನು ಏನಾದರೂ ಅನ್ನಬೇಕೆಂದು ನಾಲಗೆ ಮಸೆಯುತ್ತಿದ್ದೆ, ಎಂಥೆಂಥ ಮಾತುಗಳು ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಕಿಟಕಿಯ ಸರಳಿನ ಸಂದಿಯಿಂದ ಒಂದು ಲೋಟ ಕಾಫಿ ಹೊರಗೆ ಬಂತು. ಸಾವಂತ್ರಮ್ಮ ಅದನ್ನು ನೋಡಲಿಲ್ಲ. ಲೋಟ ಅಲ್ಲೇ ಇತ್ತು, ಅದನ್ನು ಹಿಡಿದ ಮದರಂಗಿಯ ಕೈ ಕದಲಲಿಲ್ಲ. ಕಾಫಿ ಸುಡುತ್ತಿತ್ತು, ಹುಡುಗಿ ಒಂದೊಂದು ಬೆರಳನ್ನೇ ಬದಲಿಸುತ್ತಿದ್ದಳು. ಅದನ್ನು ಸಾವಂತ್ರಮ್ಮ ಓರೆಗಣ್ಣಿನಲ್ಲಿ ಕಂಡಳು, ಕೈ ಚಾಚಿ ತೆಗೆದುಕೊಂಡಳು.

"ಹಾಲು ತಳ ಹಿಡಿದಿತ್ತು ಅತ್ತೆ. ಕಾಫಿ ಒಂಚೂರು ಕಮಟು."

ಸಾವಂತ್ರಮ್ಮ ಕುಡಿದಳು.

"ನನ್ನ ಹೆಸ್ರು ಎಲ್ಲೈತೆ ಅಂತ ನನಗೇ ಮರ್ತೋಗೈತೆ" ಎಂದಳು, ಲೋಟಕ್ಕೆ ಹೇಳುವ ಹಾಗೆ.

"ಜೊಳ್ಳು ಎಲ್ಲೆಲ್ಲಿದಾವೆ ಅಂತ ನಂಗೊಸಿ ಗೊತ್ತಾಗೈತೆ. ಎದ್ದು ಬನ್ನಿ, ಇಬ್ರೂ ನೋಡಾನ."

ಒಬ್ಬಳು ಹೊರಗೆ ಒತ್ತುತ್ತಾ, ಒಬ್ಬಳು ಕಿಟಕಿಯಿಂದ ಹೇಳುತ್ತಾ ಶುರುವಾಯಿತು. ಅದರ ಮೇಲಿನದು, ಅದಲ್ಲ, ಇನ್ನೊಂಚೂರು ಈಚೆಗೆ, ಮೆಲ್ಲಗೆ ಅತ್ತೆ, ಮತ್ತೆ ಮೊದಲಿಂದ. ದಿಬ್ಬಣ ಅಲ್ಲೇ ಬೀದಿಯಲ್ಲಿ ಉಳಿದ ಒಬ್ಬಟ್ಟು ಹಂಚಿಕೊಂಡು ಕೂತಿತು. ಆ ಹೆಸರಿನ ಉದ್ದಕ್ಕೆ ನಾವು ಬೆಳಗಾಗಬಹುದೆಂದುಕೊಂಡಿದ್ದೆವು, ಅಷ್ಟೇನೂ ಆಗಲಿಲ್ಲ. ಕೊನೆಯ ಕೀಲಿಗೆ ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ಅಕ್ಕಿಯ ಸೇರು ಮತ್ತೆ ತುಂಬಿ ನಿಂತಿತ್ತು. ವನಜ ನಡುಮನೆಯಲ್ಲಿ ಬಿದ್ದದ್ದನ್ನೆಲ್ಲ ಬಳಿದು ತುಂಬಿಸಿ ಇಟ್ಟಿದ್ದಳು. ಸಾವಂತ್ರಮ್ಮ ಸೇರನ್ನು ನೋಡಿದಳು, ನಮ್ಮನ್ನು ನೋಡಿದಳು, ಸೀರೆಯ ನೆರಿಗೆಯನ್ನು ಬೆರಳಷ್ಟು ಎತ್ತಿ ಬಲಗಾಲು ಮುಂದಿಟ್ಟಳು. ಆ ವಯಸ್ಸಿನಲ್ಲಿ ಅಂಥ ಒದೆತವನ್ನು ನಾನು ಎಲ್ಲೂ ಕಂಡಿಲ್ಲ. ಅಕ್ಕಿ ಹಿತ್ತಿಲ ಗೋಡೆಗೆ ಬಡಿದ ಸದ್ದು ಬೀದಿಗೆ ಕೇಳಿಸಿತು.

ಬಾಗಿಲು ಮತ್ತೆ ಮುಚ್ಚಿತು. ಒಳಗೆ ಇಬ್ಬರು ಹೆಂಗಸರು ನಗುವುದು ಕೇಳಿತು. ಆಮೇಲೆ ಪಾತ್ರೆ ಸದ್ದು, ಒಗ್ಗರಣೆಯ ಚಟಪಟ. ಆಗಲೇ ನಮ್ಮೆಲ್ಲರಿಗೂ ನೆನಪಾಯಿತು, ಮದುಮಗ ಇನ್ನೂ ಹೊರಗೇ ಇದ್ದ. ಬಾಸಿಂಗವನ್ನು ಕಂಕುಳಲ್ಲಿ ಇರುಕಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಶಿವನಂಜ ಮಣೆಯ ಮುಂದೆ ಬಂದು ನಿಂತ. ಕಿಟಕಿಯಲ್ಲಿ ಅತ್ತೆಯ ಮುಖ ಒಂದು, ಸೊಸೆಯ ಮುಖ ಒಂದು. ಅವನು ಯೋಚಿಸಿ, ಒಂದು ಕೀಲಿಯ ಕಡೆಗೆ ಬೆರಳು ಚಾಚಿದ. ಬಾಗಿಲಿಗಿಂತ ಮೊದಲೇ ಒಳಗಿನಿಂದ ಇಬ್ಬರೂ ಒಟ್ಟಿಗೆ ಲೊಚಗುಟ್ಟಿದರು.